ಮನೆ ಮುಂದೆ ಸೀಬೆ ಮರನಾ, ಹೂವಿನ ಗಿಡನಾ? ಮೊದ್ಲು ಡಿಸೆಂಬರ್ ಬಿಸಿಲು ನೋಡಿ

ಪ್ರಶ್ನೆ: ಚಿಕ್ಕಮಗಳೂರಲ್ಲಿ ಕಡೂರು ರಸ್ತೆ ಕಡೆ ಹೊಸ ಲೇಔಟಲ್ಲಿ ನಮ್ಮದು 40-60 ಸೈಟು, ಉತ್ತರ ಬಾಗಿಲಿನ ಮನೆ. ಮುಂದೆ 14 ಅಡಿ, ಹಿಂದೆ 10 ಅಡಿ ಜಾಗ ಬಿಟ್ಟಿದೀವಿ. ಮನೆ ಮುಂದೆ ಏನಾದ್ರೂ ಒಂದು ಗಿಡ ಚೆನ್ನಾಗಿ ಬೆಳೆಸ್ಬೇಕು ಅಂತ ಆಸೆ. ಅತ್ತೆಗೆ ಸೀಬೆ ಮರ ಬೇಕು, ನಮ್ಮನೆಯವ್ರು ಕುಳ್ಳ ಜಾತಿ ಮಾವು ಹಾಕೋಣ ಅಂತಾರೆ, ನನಗೆ ಎಸ್ಟೇಟ್ ಬಂಗಲೆಗಳಲ್ಲಿ ಇರುತ್ತಲ್ಲ ಆ ನೀಲಿ ಗೊಂಚಲಿನ ಹೈಡ್ರೇಂಜಿಯ ಅಂದ್ರೆ ಪ್ರಾಣ. 2 ವರ್ಷದ ಮಗು ಇದೆ, ಆಗಾಗ ಕೋತಿ ಬರ್ತವೆ, ಇನ್ನು 4-5 ವರ್ಷಕ್ಕೆ ಮೇಲೊಂದು ಮನೆ ಕಟ್ಟೋ ಯೋಚನೆ ಇದೆ. ನಮ್ಮ ಹಿಂದಿನ ಸೈಟಲ್ಲಿ ಹಳೇ ಹೆಂಚಿನ ಮನೆ ಇದೆ. ಯಾವುದು ಹಾಕೋದು ಹೇಳಿ.

ಉತ್ತರ: ಮುಂದೆ ಹೂವಿನ ಗಿಡ ಹಾಕಿ, ಸೀಬೆ ಹಿತ್ತಲಿಗೆ ಹಾಕಿ, ಮಾವು ಬೇಡ. ಇಷ್ಟು ಹೇಳಿ ಮುಗಿಸ್ಬಹುದಿತ್ತು, ಆದ್ರೆ ಕಾರಣ ಹೇಳ್ದೆ ಹೋದ್ರೆ ನಾಳೆ ನಿಮ್ಮತ್ತೆಯವರು "ಸೊಸೆಗೆ ಬೇಕಾಗಿದ್ದೇ ಆಯ್ತು" ಅಂದ್ಕೋತಾರೆ, ಅದು ನನಗೆ ಬೇಡ. ಅವರು ಕೇಳ್ತಿರೋದು ತಪ್ಪಲ್ಲ, ಜಾಗ ಮಾತ್ರ ಬೇರೆ ಆಗ್ಬೇಕು ಅಷ್ಟೇ.

ಹಾಸನದಲ್ಲಿ ನರ್ಸರಿ ಇಟ್ಕೊಂಡು 26 ವರ್ಷ ಆಯ್ತು, ಗಿಡ ತಗೊಳಕ್ಕೆ ಬರೋರು ಕೇಳೋ ಮೊದಲನೇ ಪ್ರಶ್ನೆ "ಯಾವ ಜಾತಿ ಒಳ್ಳೇದು" ಅಂತ. ನಾನು ವಾಪಸ್ ಕೇಳೋದು "ಮನೆ ಯಾವ ದಿಕ್ಕಿಗಿದೆ, ಎಷ್ಟು ಎತ್ತರ ಇದೆ" ಅಂತ. ನೀವು ಕೇಳ್ದೇನೇ ದಿಕ್ಕು ಅಳತೆ ಎರಡೂ ಬರ್ದಿದೀರ, ಅದ್ರಿಂದ ನನಗೆ ಅರ್ಧ ಕೆಲಸ ಕಮ್ಮಿ ಆಯ್ತು.

ಲೆಕ್ಕ ಹೀಗಿದೆ ನೋಡಿ. ಚಿಕ್ಕಮಗಳೂರು ಇರೋದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ಹೊತ್ತಿಗೆ ಸೂರ್ಯ ದಕ್ಷಿಣಕ್ಕೆ ಪೂರ್ತಿ ಸರಿದಿರ್ತಾನೆ, ಮಧ್ಯಾಹ್ನ 12 ಗಂಟೆಗೂ ನೆತ್ತಿ ಮೇಲೆ ಬರಲ್ಲ, ಆಗ ಒಂದು ಗೋಡೆಯ ನೆರಳು ಉತ್ತರಕ್ಕೆ ಗೋಡೆ ಎತ್ತರದ ಮುಕ್ಕಾಲು ಪಾಲು ಬೀಳುತ್ತೆ. ನಿಮ್ಮದು ಈಗ ಒಂದೇ ಅಂತಸ್ತು, ಪ್ಯಾರಾಪೆಟ್ ಸೇರಿ 14 ಅಡಿ ಅಂತ ಇಟ್ಕೊಳಿ, ನೆರಳು ಹತ್ತೂವರೆ ಅಡಿ. ಅಂದ್ರೆ ಮುಂದಿನ 14 ಅಡಿ ಜಾಗದಲ್ಲಿ ಮಧ್ಯಾಹ್ನದ ಬಿಸಿಲು ಸಿಗೋದು ಕಾಂಪೌಂಡ್ ಪಕ್ಕದ ಮೂರೂವರೆ ಅಡಿಗೆ ಮಾತ್ರ. ಮೇಲೆ ಇನ್ನೊಂದು ಮನೆ ಎದ್ದು 24 ಅಡಿ ಆಯ್ತು ಅಂದ್ರೆ ನೆರಳು 18 ಅಡಿ, ಕಾಂಪೌಂಡ್ ದಾಟಿ ರಸ್ತೆಗೆ ಹೋಗುತ್ತೆ. ಸೀಬೆ ಕಸಿ ಗಿಡ 2-3 ವರ್ಷಕ್ಕೆ ಕಾಯಿ ಬಿಡಕ್ಕೆ ಶುರು ಮಾಡಿ 5ನೇ ವರ್ಷಕ್ಕೆ ಮೈತುಂಬ ಬಿಡೋ ವಯಸ್ಸಿಗೆ ಬರುತ್ತೆ, ಸರಿಯಾಗಿ ಅದೇ ವರ್ಷ ನೀವು ಮೇಲೆ ಮನೆ ಕಟ್ಟಿ ಅದರ ಬಿಸಿಲು ಮುಚ್ತೀರ.

ಉತ್ತರದ ಅಂಗಳಕ್ಕೆ ಬಿಸಿಲೇ ಬರಲ್ವಾ ಅಂದ್ರೆ ಬರುತ್ತೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದ ತನಕ ಸೂರ್ಯ ನಮ್ಮ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೇ ಇರ್ತಾನೆ, ಲೆಕ್ಕದ ಪ್ರಕಾರ ನಿಮ್ಮ ಅಂಗಳಕ್ಕೆ ಅದೇ ಒಳ್ಳೇ ಕಾಲ. ಆದ್ರೆ ಜೂನ್ ಜುಲೈ ಆಗಸ್ಟಲ್ಲಿ ಚಿಕ್ಕಮಗಳೂರಲ್ಲಿ ಬಿಸಿಲು ಎಲ್ಲಿದೆ ಹೇಳಿ, ಮೋಡ ಜಡಿಮಳೆ ಬಿಟ್ರೆ ಬೇರೇನಿಲ್ಲ. ಸೂರ್ಯ ನಿಮ್ಮ ಕಡೆ ಇದ್ದಾಗ ಮೋಡ ಅಡ್ಡ, ಮೋಡ ಸರಿದಾಗ ಮನೆ ಅಡ್ಡ. ಉತ್ತರ ಬಾಗಿಲಿನ ಮನೆ ಮುಂದೆ ಹಣ್ಣಿನ ಮರ ಕಷ್ಟ ಅಂತ ನಾನು ಹೇಳೋದು ಇದಕ್ಕೇ.

ಇದನ್ನ ನಾನು ಪುಸ್ತಕ ಓದಿ ಹೇಳ್ತಿಲ್ಲ. ನಮ್ಮನೆ ಉತ್ತರಕ್ಕೆ ಒಂದು ಚಿಕ್ಕು ಗಿಡ ಹಾಕಿದ್ದೆ, ಆಗ ಪಕ್ಕದ ಪೂರ್ವದ ಸೈಟು ಖಾಲಿ ಇತ್ತು, ಬೆಳಗಿನ ಬಿಸಿಲು ಧಾರಾಳವಾಗಿ ಬರ್ತಿತ್ತು, ಗಿಡ ಚೆನ್ನಾಗೇ ಎದ್ದಿತು. 4ನೇ ವರ್ಷ ಆ ಸೈಟಲ್ಲಿ ಎರಡಂತಸ್ತಿನ ಮನೆ ಬಂತು. ಆಮೇಲೂ ಗಿಡ ಸಾಯ್ಲಿಲ್ಲ, ಅದೇ ಮೋಸ, ಎಲೆ ಕಪ್ಪು ಹಸಿರಾಗಿ ದಪ್ಪಗೆ ಫಳಫಳ ಅಂತಿತ್ತು, ನೋಡಿದೋರೆಲ್ಲ ಎಷ್ಟು ಆರೋಗ್ಯವಾಗಿದೆ ಅಂತಿದ್ರು. ಆದ್ರೆ ರೆಂಬೆಗಳು ಒಂದೊಂದೂ ಬೆರಳು ದಪ್ಪಕ್ಕೆ ಸಣ್ಣಗೆ ಉದ್ದಕ್ಕೆ ಬಿಸಿಲು ಹುಡುಕ್ಕೊಂಡು ಮೇಲೇ ಹೋದ್ವು, ಕೆಳಗೆ ಒಂದು ಕಾಯಿ ಇಲ್ಲ, ಪ್ಯಾರಾಪೆಟ್ ದಾಟಿ ತಲೆ ಎತ್ತಿದ ಒಂದೇ ಒಂದು ಕೊಂಬೇಲಿ ಏಳೆಂಟು ಕಾಯಿ, ಅದನ್ನ ಬಾವಲಿ ತಿಂದು ಬೀಜ ನಮ್ಮ ತಾರಸಿ ಮೇಲೆ ಉಗಿದು ಹೋಗ್ತಿತ್ತು. ಈ ವರ್ಷ ಬಿಡುತ್ತೆ ಮುಂದಿನ ವರ್ಷ ಬಿಡುತ್ತೆ ಅಂತ 9 ವರ್ಷ ಕಾದು ಕಡಿಸ್ದೆ. ಕಡಿಸಿದ ದಿನ ನಮ್ಮನೆಯವಳು ಊಟ ಸರಿಯಾಗಿ ಮಾಡ್ಲಿಲ್ಲ. ಅದಕ್ಕೇ ಹೇಳೋದು, ಪಕ್ಕದ ಖಾಲಿ ಸೈಟಿಂದ ಬರೋ ಬಿಸಿಲನ್ನ ನಂಬಿ ಮರ ಹಾಕ್ಬೇಡಿ, ಆ ಬಿಸಿಲು ನಿಮ್ದಲ್ಲ.

ಹೂವಿನ ಗಿಡದಲ್ಲಿ ಈ ಭಯ ಇಲ್ಲ. ಜಾಗ ಒಗ್ಗಲಿಲ್ಲ ಅಂದ್ರೆ ಮಳೆಗಾಲದಲ್ಲಿ ಕಿತ್ತು ಬೇರೆ ಕಡೆ ನೆಡಬಹುದು, ಇಲ್ಲ ಅಂದ್ರೆ ನಾಲ್ಕು ಕಡ್ಡಿ ಕತ್ತರಿಸಿ ಹೊಸದು ಮಾಡ್ಕೋಬಹುದು, ಹೆಚ್ಚು ಅಂದ್ರೆ ಒಂದೆರಡು ವರ್ಷ ಹೋಗುತ್ತೆ. ಮರ ತಪ್ಪು ಜಾಗಕ್ಕೆ ಬಿದ್ರೆ ಹತ್ತು ವರ್ಷ ಹೋಯ್ತು ಅಂತಾನೇ ಲೆಕ್ಕ.

ಈಗ ನಿಮ್ಮ ಹೈಡ್ರೇಂಜಿಯ. ನಿಮ್ಮ ಆಸೆಗೂ ನಿಮ್ಮ ಜಾಗಕ್ಕೂ ಸರಿಯಾಗಿ ಕೂಡಿ ಬಂದಿದೆ, ಯಾಕಂದ್ರೆ ಅದು ಬೆಳಗಿನ ಎಳೆ ಬಿಸಿಲು, ಮಧ್ಯಾಹ್ನದ ನೆರಳು, ತಂಪು ಹವಾ ಕೇಳೋ ಗಿಡ. ಚಿಕ್ಕಮಗಳೂರು ಸಮುದ್ರ ಮಟ್ಟದಿಂದ ಸಾವಿರ ಮೀಟರಿಗಿಂತ ಎತ್ತರದಲ್ಲಿರೋದ್ರಿಂದ ಇಲ್ಲಿ ಅದು ಒಗ್ಗುತ್ತೆ, ಬಯಲುಸೀಮೆ ಬಿಸಿಲಲ್ಲಿ ಒಗ್ಗಲ್ಲ. ಒಂದು ಎಚ್ಚರ ಅಂದ್ರೆ ಮಾರ್ಚ್ ಏಪ್ರಿಲ್. ಮಾರ್ಚ್ 21ರ ಹೊತ್ತಿಗೆ ಮಧ್ಯಾಹ್ನದ ನೆರಳು ಮೂರು ಮೂರೂವರೆ ಅಡಿಗೆ ಇಳಿದು ಏಪ್ರಿಲ್ ಕೊನೆಗೆ ಇಲ್ಲದ ಹಾಗೇ ಆಗುತ್ತೆ, ಮಳೆ ಇನ್ನೂ ಬಂದಿರಲ್ಲ, ಸಂಜೆ ಬಿಸಿಲು ಪಶ್ಚಿಮದಿಂದ ನೇರ ಹೊಡೆಯುತ್ತೆ. ಅದ್ರಿಂದ ಅದನ್ನ ಅಂಗಳದ ಮಧ್ಯ ನೆಡ್ದೆ ಮನೆ ಗೋಡೆಯಿಂದ ಎರಡೂವರೆ ಅಡಿ ಬಿಟ್ಟು ಪೂರ್ವದ ಮೂಲೆ ಕಡೆ ನೆಡಿ. ಬೇಸಿಗೇಲಿ ಮಧ್ಯಾಹ್ನ ಎಲೆ ಜೋತು ಬಿದ್ರೆ ಗಾಬರಿ ಬೇಡ, ಸಂಜೆ ತಂಪಾದ ಮೇಲೆ ತಾನೇ ಎದ್ರೆ ಸರಿ, ಸಂಜೆಗೂ ಏಳ್ಲಿಲ್ಲ ಅಂದ್ರೆ ನೀರು ಸಾಲ್ತಿಲ್ಲ ಅಂತ ಅರ್ಥ. ಬುಡಕ್ಕೆ ನಾಲ್ಕು ಬೆರಳು ದಪ್ಪ ತರಗೆಲೆ ಮುಚ್ಚಿಗೆ ಹಾಕಿ. ಗಿಡ ದುಡ್ಡು ಕೊಟ್ಟು ತಗೊಳೋದೂ ಬೇಡ, ಜೂನ್ ಜುಲೈಲಿ ಯಾರದಾದ್ರೂ ತೋಟದ ಮನೆಯಿಂದ ಪೆನ್ಸಿಲ್ ದಪ್ಪದ ಕಡ್ಡಿ ಎರಡು ಮೂರು ಗಿಣ್ಣಿರೋದು ತಂದು ಚುಚ್ಚಿದ್ರೆ ಬೇರು ಬಿಡುತ್ತೆ. ಕತ್ತರಿ ಹಾಕೋದು ಹೂ ಮುಗಿದ ತಕ್ಷಣ ಮಾತ್ರ. ಚಳಿಗಾಲದಲ್ಲಿ ಗಿಡ ಬೋಳು ಬೋಳು ಕಾಣುತ್ತೆ ಅಂತ ಕತ್ತರಿಸ್ಬಿಟ್ರೆ ಮುಂದಿನ ಹೂವನ್ನೇ ಕತ್ತರಿಸಿದ ಹಾಗೆ, ಅದರ ಮೊಗ್ಗು ಹಳೇ ಕಡ್ಡಿ ತುದೀಲಿ ಕೂತಿರುತ್ತೆ.

ಮಣ್ಣಿನ ವಿಷಯಕ್ಕೆ ಬರ್ತೀನಿ, ಹೊಸ ಮನೆಯೋರು ಎಲ್ಲಕ್ಕಿಂತ ಜಾಸ್ತಿ ಎಡವೋದು ಇಲ್ಲೇ. ಮನೆ ಕಟ್ಟೋವಾಗ ಉಳಿದ ಗಾರೆ, ಇಟ್ಟಿಗೆ ಚೂರು, ಸಿಮೆಂಟ್ ನೀರು ಎಲ್ಲಾ ಅಂಗಳದಲ್ಲೇ ಬಿದ್ದಿರುತ್ತೆ, ಕೊನೇಲಿ ಅದರ ಮೇಲೆ ಒಂದು ಟ್ರ್ಯಾಕ್ಟರ್ ಕೆಂಪು ಮಣ್ಣು ಹೊಡೆಸಿ ಲೆವೆಲ್ ಮಾಡ್ತಾರೆ, ನೋಡಕ್ಕೆ ಒಳ್ಳೇ ಮಣ್ಣು. ಹಾರೆ ತಗೊಂಡು ಒಂದಡಿ ಅಗೆದು ನೋಡಿ, ಠಣ್ ಅನ್ನುತ್ತೆ. ಸಿಮೆಂಟಿನ ಸುಣ್ಣದ ಅಂಶ ಮಣ್ಣನ್ನ ಕ್ಷಾರ ಮಾಡುತ್ತೆ, ಆಗ ಮಣ್ಣಲ್ಲಿ ಕಬ್ಬಿಣ ಇದ್ರೂ ಬೇರಿಗೆ ಎಳ್ಕೊಳಕ್ಕಾಗಲ್ಲ. ಎಲೆ ನೋಡಿದ್ರೆ ಗೊತ್ತಾಗುತ್ತೆ, ಚಿಗುರೆಲೆ ಹಳದಿ ಆಗಿ ನರಗಳು ಮಾತ್ರ ಹಸಿರು ಗೆರೆ ಎಳೆದ ಹಾಗೆ ಉಳಿದಿರುತ್ತೆ. ಕೇಪಳ, ನಿಂಬೆ, ಹೈಡ್ರೇಂಜಿಯ ಮೂರರಲ್ಲೂ ಇದು ಬೇಗ ಕಾಣುತ್ತೆ. ಜನ ಗೊಬ್ಬರ ಸಾಲ್ಲಿಲ್ಲ ಅಂತ ಯೂರಿಯಾ ಹಾಕ್ತಾರೆ, ಅದರಿಂದ ಆ ಹಳದಿ ಹೋಗಲ್ಲ. ನಿಮಗೆ ನೀಲಿ ಹೂವೇ ಬೇಕು ಅಂದ್ರಲ್ಲ, ಆ ನೀಲಿ ಬರೋದೂ ಮಣ್ಣಿಂದಾನೇ, ಹುಳಿ ಮಣ್ಣಲ್ಲಿ ಅಲ್ಯೂಮಿನಿಯಂ ಬೇರಿಗೆ ಸಿಕ್ಕಿದ್ರೆ ನೀಲಿ, ಕ್ಷಾರ ಮಣ್ಣಾದ್ರೆ ಅದೇ ಗಿಡ ಗುಲಾಬಿ ಬಣ್ಣದ ಹೂ ಬಿಡುತ್ತೆ. ಎಸ್ಟೇಟ್ ಮಣ್ಣು ಹುಳಿ ಇರೋದಕ್ಕೇ ಅಲ್ಲಿ ನೀವು ನೋಡಿದ್ದು ನೀಲಿ. ಹಾಗಾಗಿ 2 ಅಡಿ ಉದ್ದ ಅಗಲ ಆಳ ಗುಂಡಿ ತೆಗೆಸಿ, ಬಂದ ಚೂರೆಲ್ಲ ಆಚೆ ಹಾಕ್ಸಿ, ತೋಟದ ಕೆಂಪು ಮಣ್ಣು, ಎಲೆಗೊಬ್ಬರ, ಚೆನ್ನಾಗಿ ಕಳಿತ ಕಾಫಿ ಸಿಪ್ಪೆ ಗೊಬ್ಬರ ಸೇರಿಸಿ ತುಂಬಿ. ಹಸಿ ಸಿಪ್ಪೆ ಹಾಕ್ಬೇಡಿ, ಬುಡದಲ್ಲೇ ಕೊಳೆತು ಬೇರಿಗೆ ತೊಂದರೆ ಕೊಡುತ್ತೆ.

ಅಲಂಕಾರದ ಗಿಡ ಅಂದ ತಕ್ಷಣ "ಏನು ಉಪಯೋಗ, ನೋಡಕ್ಕೆ ಮಾತ್ರ" ಅಂತ ಹಿರಿಯರು ಅನ್ನೋದಿದೆ. ನಿಮ್ಮತ್ತೆಯವರಿಗೆ ಒಂದು ಮಾತು ಕೇಳಿ ನೋಡಿ, ದಿನಾ ಬೆಳಿಗ್ಗೆ ದೇವರಿಗೆ ಹೂ ಎಲ್ಲಿಂದ ತರ್ತೀರ ಅಂತ. ಹೈಡ್ರೇಂಜಿಯ ಪಕ್ಕ ನಾಲ್ಕಡಿ ಬಿಟ್ಟು ಒಂದು ನಂದಿಬಟ್ಟಲು ಹಾಕಿ, ಎಸಳು ಜಾಸ್ತಿ ಇರೋ ಜಾತಿ. ಅರೆ ನೆರಳಲ್ಲೂ ಬರುತ್ತೆ, ಸ್ವಲ್ಪ ಕಮ್ಮಿ ಹೂ ಬಿಟ್ರೂ ವರ್ಷದಲ್ಲಿ ಬಹಳ ದಿನ ಬಿಡುತ್ತೆ, ಸ್ನಾನ ಮಾಡಿ ಬಂದು ತಟ್ಟೆಗೆ ಹತ್ತು ಬಿಳಿ ಹೂ ಬಿಡಿಸ್ಕೊಂಡು ಹೋಗ್ಬಹುದು. ಮೇಲೆ ಮನೆ ಕಟ್ಟೋ ತನಕ ಗೇಟ್ ಪಕ್ಕದ ಆ ಮೂರೂವರೆ ಅಡಿ ಪಟ್ಟೀಲಿ ಒಂದು ಕೆಂಪು ದಾಸವಾಳನೂ ಆಗುತ್ತೆ, ಆಮೇಲೆ ಹೂ ಕಮ್ಮಿ ಆದ್ರೆ ಕಡ್ಡಿ ಕತ್ತರಿಸಿ ಜಾಗ ಬದಲಾಯ್ಸಿ. ಸೀಬೆ ವರ್ಷಕ್ಕೆ ಎರಡು ಸಲ ಕೊಡೋ ಗಿಡ, ಇವು ದಿನಾ ಕೊಡೋ ಗಿಡ. ನಮ್ಮ ಮನೆಗಳಲ್ಲಿ ಹೂವಿನ ಗಿಡ ಬರೀ ಅಲಂಕಾರಕ್ಕೆ ಅಂತ ಯಾವತ್ತೂ ಇರ್ಲಿಲ್ಲ.

ಮಗು ಇರೋದ್ರಿಂದ ಇದನ್ನ ಗಟ್ಟಿಯಾಗಿ ಹೇಳ್ತೀನಿ, ಕಣಗಿಲೆ ಬೇಡವೇ ಬೇಡ. ಹಳದಿ ಗಂಟೆ ಥರ ಹೂ ಬಿಡೋ ಹಳದಿ ಕಣಗಿಲೆನೂ ಬೇಡ. ಎರಡರಲ್ಲೂ ಎಲೆ ಹೂ ಬೀಜ ಎಲ್ಲಾ ವಿಷ, ಹೃದಯದ ಬಡಿತಕ್ಕೇ ಕೈ ಹಾಕೋ ವಿಷ. ಹೈಡ್ರೇಂಜಿಯದ ಎಲೆ ಮೊಗ್ಗೂ ಬಾಯಿಗೆ ಹಾಕೋ ಅಂಥದ್ದಲ್ಲ, ನಂದಿಬಟ್ಟಲಿನ ಹಾಲೂ ಬಾಯಿಗೆ ಕಣ್ಣಿಗೆ ತಾಗಬಾರ್ದು, ಮಗು ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹಾಕೋ ವಯಸ್ಸು ದಾಟೋ ತನಕ ಮೊಣಕಾಲೆತ್ತರದ ಒಂದು ಮೆಶ್ ಸುತ್ತ ಕಟ್ಟಿ. ದಾಸವಾಳಕ್ಕೆ ಆ ಚಿಂತೆ ಇಲ್ಲ.

ಇನ್ನು ಸೀಬೆ. ಹಿತ್ತಲು ದಕ್ಷಿಣಕ್ಕೆ ಬರುತ್ತೆ, ಹಿಂದಿರೋದು ಹೆಂಚಿನ ಮನೆ, ಅದರ ಸೂರು 8-9 ಅಡಿ ಇದ್ರೆ ಡಿಸೆಂಬರ್ ನೆರಳು 6-7 ಅಡಿ, ಅದರಲ್ಲೂ ಒಂದಿಷ್ಟು ಅವರ ಜಾಗದಲ್ಲೇ ಬೀಳುತ್ತೆ. ನಿಮ್ಮ ಮನೆ ಎಷ್ಟು ಎತ್ತರ ಆದ್ರೂ ಚಳಿಗಾಲದಲ್ಲಿ ಅದರ ನೆರಳು ಮುಂದಕ್ಕೇ ಹೋಗೋದು, ಹಿತ್ತಲಿಗೆ ತೊಂದರೆ ಇಲ್ಲ. ನಾಳೆ ಹಿಂದಿನವರೂ ಎತ್ತರ ಕಟ್ಟಿದ್ರೆ ಬಿಸಿಲು ಕಮ್ಮಿ ಆಗುತ್ತೆ, ಅದು ನಿಜ. ಅದಕ್ಕೇ ಹಿಂದಿನ ಕಾಂಪೌಂಡ್‌ಗೆ ಅಂಟಿಸ್ದೆ 5 ಅಡಿ ಬಿಟ್ಟು ನೆಡಿ, ಸಂಪು ಪಿಟ್ಟು ಇರೋ ಮೂಲೆ ಬಿಟ್ಟು ಇನ್ನೊಂದು ಮೂಲೇಲಿ.

ಗಿಡ ತಗೊಳೋವಾಗ ಎತ್ತರ ನೋಡಿ ಮರುಳಾಗ್ಬೇಡಿ. 6 ಅಡಿ ಗಿಡ ಚಿಕ್ಕ ಪ್ಯಾಕೆಟಲ್ಲಿದ್ರೆ ಅದರ ಬೇರು ಒಳಗೇ ಸುತ್ಕೊಂಡು ಸಿಂಬೆ ಆಗಿರುತ್ತೆ, ನೆಟ್ಟ ಮೇಲೂ ಅದೇ ಸಿಂಬೇಲೇ ತಿರುಗ್ತಿರುತ್ತೆ. ಪ್ಯಾಕೆಟ್ ಎತ್ತಿ ತಳ ನೋಡಿ, ತೂತಿಂದ ದಪ್ಪ ಬೇರು ಹೊರಗೆ ಬಂದು ನೆಲಕ್ಕೆ ಇಳಿದಿದ್ರೆ ಬಿಡಿ, ಎರಡು ಎರಡೂವರೆ ಅಡಿಯ ಗಿಡ ಸಾಕು. ಕಸಿ ಗಿಡ ಆದ್ರೆ ಗಂಟು ಎಲ್ಲಿದೆ ಅಂತ ತೋರಿಸಿ ಅನ್ನಿ, ನೆಟ್ಟ ಮೇಲೆ ಆ ಗಂಟು ಮಣ್ಣಿಗಿಂತ ಮೇಲಿರಬೇಕು, ಅದರ ಕೆಳಗಿಂದ ಬರೋ ಚಿಗುರನ್ನ ಬಂದ ಹಾಗೇ ಮುರಿದು ಹಾಕಿ. ಜಾತಿ ಅಂದ್ರೆ ಅಲಹಾಬಾದ್ ಸಫೇದ, ಲಕ್ನೋ-49 ಎರಡೂ ನಂಬಿಕೆಯವು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕಿರಣ್ ಒಳಗೆ ಕೆಂಪಿರುತ್ತೆ, ಅದೇ ಸಂಸ್ಥೆಯ ಅರ್ಕಾ ಮೃದುಲ ಬಿಳಿ ತಿರುಳು, ಬೀಜ ಮೆತ್ತಗೆ. ಅತ್ತೆಯವರ ಹಲ್ಲು ಹೇಗಿದೆ ನನಗೆ ಗೊತ್ತಿಲ್ಲ, ವಯಸ್ಸಾದವರು ತಿನ್ನೋದು ಅಂದ್ರೆ ನಾನು ಮೃದುಲ ಕೊಡ್ತೀನಿ.

ಈಗ ಯಾರೂ ಮುಂಚೆ ಹೇಳ್ದೆ ಇರೋ ವಿಷಯ. ನಮ್ಮ ಕಡೆ ಮಳೆಗಾಲದ ಸೀಬೆ ಹಣ್ಣು ಹುಳದ ಹಣ್ಣು. ಹೊರಗಿಂದ ನೋಡಿದ್ರೆ ಹಳದಿ ತಿರುಗಿ ಒಳ್ಳೇ ವಾಸನೆ ಬರ್ತಿರುತ್ತೆ, ಹತ್ತಿರ ಹಿಡಿದು ನೋಡಿದ್ರೆ ಗುಂಡುಸೂಜಿ ಚುಚ್ಚಿದ ಹಾಗೆ ಒಂದು ಚುಕ್ಕೆ, ಸುತ್ತ ಸ್ವಲ್ಪ ಮೆತ್ತಗೆ. ಕುಯ್ದ್ರೆ ಒಳಗೆ ಬಿಳಿ ಹುಳ ಮಿಜಿಮಿಜಿ ಅಂತ ಇರುತ್ತೆ, ತಟ್ಟೆ ಮೇಲೆ ಬಿದ್ರೆ ಮೈ ಬಗ್ಗಿಸಿ ಚಿಮ್ಮುತ್ತೆ. ಹಣ್ಣಿನ ನೊಣ ಕಾಯಿ ಬಣ್ಣ ತಿರುಗೋ ಹೊತ್ತಿಗೆ ಬಂದು ಮೊಟ್ಟೆ ಇಟ್ಟು ಹೋಗಿರುತ್ತೆ. ಬಿದ್ದ ಹಣ್ಣು ಹಾಗೇ ಬಿಟ್ರೆ ಹುಳ ಮಣ್ಣಿಗಿಳಿದು ಕೋಶ ಕಟ್ಟಿ ಇನ್ನೊಂದು ತಲೆಮಾರು ನೊಣ ಆಗಿ ಮೇಲೆ ಬರುತ್ತೆ. ಆಗಸ್ಟಲ್ಲಿ ದಿನಾ ಬೆಳಿಗ್ಗೆ ಬಿದ್ದ ಹಣ್ಣು ಆರಿಸಿ ಪ್ಲಾಸ್ಟಿಕ್ ಕವರಲ್ಲಿ ಬಾಯಿ ಕಟ್ಟಿಡೋ ಕೆಲಸ ಯಾರು ಮಾಡ್ತೀರ ಅಂತ ಮನೇಲಿ ಕೂತು ಮಾತಾಡ್ಕೊಳಿ. ಯಾರೂ ಇಲ್ಲ ಅಂದ್ರೆ ಹಿತ್ತಲಿಗೂ ಸೀಬೆ ಬೇಡ, ಒಂದು ಕರಿಬೇವು ಹಾಕ್ಕೊಂಡು ಆರಾಮಾಗಿರಿ.

ಮಾಡ್ತೀವಿ ಅನ್ನೋದಾದ್ರೆ ಉಪಾಯ ಇದೆ, ಮಳೆಗಾಲದ ಫಸಲನ್ನ ಬಿಟ್ಕೊಟ್ಟು ಚಳಿಗಾಲದ ಫಸಲು ತಗೊಳೋದು. ಸೀಬೆ ಹೂ ಬಿಡೋದು ಹೊಸ ಚಿಗುರಲ್ಲಿ. ಏಪ್ರಿಲ್ ಮೇ ತಿಂಗಳಲ್ಲಿ ಬಂದ ಹೂ, ಈಚು (ಎಳೆ ಕಾಯಿ) ಎಲ್ಲಾ ಕೈಯಲ್ಲಿ ಉದುರಿಸಿ ರೆಂಬೆ ತುದಿ ಒಂದು ಗೇಣು ಕತ್ತರಿಸಿ. ಬಯಲುಸೀಮೇಲಿ ನೀರು ನಿಲ್ಲಿಸಿ ಹೂ ಉದುರಿಸ್ತಾರೆ, ನಮ್ಮಲ್ಲಿ ಏಪ್ರಿಲಲ್ಲೇ ಮಳೆ ಬಂದ್ಬಿಡುತ್ತೆ, ಅದಕ್ಕೇ ಕತ್ತರಿ ನಂಬೋದು ವಾಸಿ. ಆಮೇಲೆ ಬಂದ ಚಿಗುರಲ್ಲಿ ಜೂನ್ ಜುಲೈ ಆಗಸ್ಟಲ್ಲಿ ಹೂ ಆಗಿ ನವೆಂಬರಿಂದ ಜನವರಿ ತನಕ ಹಣ್ಣು, ಅಷ್ಟೊತ್ತಿಗೆ ಚಳಿ ಬಿದ್ದು ನೊಣದ ಕಾಟ ಇಳಿದಿರುತ್ತೆ, ಬಿಸಿಲು ಸಿಕ್ಕಿ ಸಿಹಿನೂ ಏರಿರುತ್ತೆ. ಡಿಸೆಂಬರ್ ಬಿಸಿಲು ಡಿಸೆಂಬರ್ ಬಿಸಿಲು ಅಂತ ಮೊದಲಿಂದ ಬಡ್ಕೊಳ್ತಿರೋದು ಇದಕ್ಕೇ, ಒಳ್ಳೇ ಸೀಬೆ ಹಣ್ಣಾಗೋದೇ ಆಗ.

ಗಿಡವನ್ನ 7 ಅಡಿ ಮೇಲೆ ಬಿಡ್ಬೇಡಿ. ನೆಟ್ಟ ಮೇಲೆ 2 ಅಡಿ ಎತ್ತರದಲ್ಲಿ ತುದಿ ಚಿವುಟಿ ಮೂರು ನಾಲ್ಕು ಕೊಂಬೆ ನಾಲ್ಕು ದಿಕ್ಕಿಗೆ ಬಿಡ್ಸಿ, ಆಮೇಲೆ ಪ್ರತಿ ಮೇ ತಿಂಗಳು ಕತ್ತರಿ. ಕುಳ್ಳಗಿದ್ರೆ ಅತ್ತೆಯವರು ನಿಂತಲ್ಲೇ ಕೈಗೆ ಕಿತ್ಕೋಬಹುದು, ಕಾಯಿಗೆ ಪೇಪರ್ ಕವರ್ ಕಟ್ಟಬಹುದು, ಕೋತಿ ಬರೋ ತಿಂಗಳಲ್ಲಿ ಇಡೀ ಗಿಡಕ್ಕೆ ಬಲೆ ಹೊದಿಸಬಹುದು. ಕೋತಿಗೆ ಬೇರೆ ಮದ್ದು ನನಗೆ ಗೊತ್ತಿರೋದು ಇಲ್ಲ, ಪಟಾಕಿ ಕನ್ನಡಿ ಎಲ್ಲಾ ನಾಲ್ಕು ದಿನ. ಅವು ಹಣ್ಣು ತಿನ್ನೋದಕ್ಕಿಂತ ಕೊಂಬೆ ಮುರಿಯೋದೇ ಜಾಸ್ತಿ, ಎತ್ತರದ ಮರ ಆದ್ರೆ ನೀವು ಕೆಳಗೆ ನಿಂತು ನೋಡ್ಬೇಕು ಅಷ್ಟೇ. ದಾಸವಾಳವನ್ನ ಮುಂದೆ ಗೇಟ್ ಹತ್ರ ಹಾಕಿ ಅಂದಿದ್ದಕ್ಕೂ ಒಂದು ಕಾರಣ ಇದೆ, ಬಿಳಿ ಹಿಟ್ಟು ಮೆತ್ತಿದ ಹಾಗೆ ಕಾಣೋ ಹಿಟ್ಟು ತಿಗಣೆ ಹುಳ ಅದಕ್ಕೂ ಬರುತ್ತೆ ಸೀಬೆಗೂ ಬರುತ್ತೆ, ಅಕ್ಕಪಕ್ಕ ಇದ್ರೆ ಇರುವೆ ಇಲ್ಲಿಂದ ಅಲ್ಲಿಗೆ ಹೊತ್ಕೊಂಡು ಹೋಗಿ ಬಿಡುತ್ತೆ. ಬಂದ್ರೆ ಪೈಪಲ್ಲಿ ಜೋರಾಗಿ ನೀರು ಹೊಡೆದು, ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ ಚೂರು ಸೋಪು ಕಲಸಿ ಎಲೆ ಅಡಿಗೆ ಸಿಂಪಡಿಸಿ.

ನಿಮ್ಮನೆಯವರ ಮಾವಿನ ಬಗ್ಗೆ ಎರಡೇ ಮಾತು. ಕುಳ್ಳ ಜಾತಿ ಅಂತ ಮಾರೋದು ಹೆಚ್ಚಾಗಿ ಆಮ್ರಪಾಲಿ, ದಶೇರಿ ಮತ್ತೆ ನೀಲಂ ಸೇರಿಸಿ ದೆಹಲೀಲಿ ಮಾಡಿದ ಜಾತಿ, ಒಳ್ಳೇ ಹಣ್ಣೇ, ಆದ್ರೆ ಕುಳ್ಳ ಅಂದ್ರೂ ಮನುಷ್ಯನಿಗಿಂತ ಎತ್ತರದ ಮರನೇ. ಅದಕ್ಕಿಂತ ಮುಖ್ಯ, ಮಾವು ಹೂ ಬಿಡೋ ಕಾಲಕ್ಕೆ ಒಣ ಹವಾ ಬೇಕು, ಚಿಕ್ಕಮಗಳೂರಿನ ಬೆಳಗಿನ ಮಂಜು ಮೋಡಕ್ಕೆ ಹೂಗೊಂಚಲಿಗೆ ಬೂದಿ ರೋಗ ಬಂದು ಕಪ್ಪಾಗಿ ಉದುರುತ್ತೆ. ಕಡೂರು, ಅರಸೀಕೆರೆ ಕಡೆಯೋರು ಧೈರ್ಯವಾಗಿ ಹಾಕಿ, ಅಲ್ಲಿ ದಾಳಿಂಬೆನೂ ನಡೆಯುತ್ತೆ. ಮೂಡಿಗೆರೆ, ಸಕಲೇಶಪುರ ಕಡೆ ಜಾಗ ಜಾಸ್ತಿ ಇರೋರು ಚಕ್ಕೋತ, ಪನ್ನೇರಳೆ, ಬೆಣ್ಣೆಹಣ್ಣು ನೋಡಿ, ಬೆಣ್ಣೆಹಣ್ಣಿಗೆ ಮಾತ್ರ ಬುಡದಲ್ಲಿ ನೀರು ಒಂದು ದಿನ ನಿಲ್ಲಬಾರ್ದು, ಬೇರು ಕೊಳೆಯುತ್ತೆ.

ಇನ್ನೊಂದು ಮನವಿ ಎಲ್ಲರಿಗೂ. ಎಲ್ಲೋ ನೋಡಿದ ಚೆಂದದ ಹೂವಿನ ಗಿಡ ತರೋವಾಗ ಅದು ಬೀಜ ಚೆಲ್ಲಿ ಹಬ್ಬೋ ಜಾತಿನಾ ಅಂತ ಕೇಳಿ ತನ್ನಿ. ಇವತ್ತು ಬಾಬಾಬುಡನ್‌ಗಿರಿ ರಸ್ತೆ ಪಕ್ಕ, ಭದ್ರಾ ಕಾಡೊಳಗೆ ಹುಲ್ಲಿಗೂ ಜಾಗ ಬಿಡ್ದೆ ಕೂತಿರೋ ಲಂಟಾನ 19ನೇ ಶತಮಾನದ ಶುರುವಿನಲ್ಲಿ ಕಲ್ಕತ್ತದ ಬೊಟಾನಿಕಲ್ ಗಾರ್ಡನ್‌ಗೆ ಅಲಂಕಾರದ ಗಿಡ ಅಂತಾನೇ ಬಂದಿದ್ದು. ಕತ್ತರಿಸಿದ ಕಡ್ಡಿ ಕಸ ಗುಡ್ಡದ ಅಂಚಿಗೆ ಸುರೀಬೇಡಿ.

ಈಗ ಮಾಡ್ಬೇಕಾಗಿದ್ದು ಇಷ್ಟು, ಗುಂಡಿ ಎರಡೂ ಬೇಸಿಗೇಲೇ ತೆಗೆಸಿ ಬಿಸಿಲಿಗೆ ಬಿಡಿ, ಜೂನ್ ಮೊದಲ ಮಳೆ ಹಿಡಿದ ಮೇಲೆ ನೆಡಿ. ಸೀಬೆ ಗುಂಡಿಗೂ 2 ಅಡಿ ಸಾಕು, ಮೇಲ್ಮಣ್ಣಿಗೆ ಎರಡು ಬಾಂಡ್ಲಿ ಹಳೇ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಸೇರಿಸಿ. ಬಟ್ಟೆ ಒಗೆದ ಸೋಪಿನ ನೀರು ಬುಡಕ್ಕೆ ಬಿಡ್ಬೇಡಿ, ತರಕಾರಿ ಅಕ್ಕಿ ತೊಳೆದ ನೀರು ಹಾಕಿ. ಮೊದಲನೇ ವರ್ಷ ಬಂದ ಹೂವನ್ನ ಪೂರ್ತಿ ಕಿತ್ತು ಹಾಕಿ, ಅತ್ತೆಯವರಿಗೆ ಬೇಜಾರಾಗುತ್ತೆ, ಗಿಡ ಗಟ್ಟಿ ಆಗ್ಲಿ ಅಂತ ಮೊದಲೇ ಹೇಳಿಟ್ಟಿರಿ.